ಊರಿನ ಒಂದು ಲೀಟರ್ ನೀರು ಎಷ್ಟು ಸಲ ದುಡಿಯಬೇಕು?

ಓದುಗರ ಪ್ರಶ್ನೆ: ಬೇಸಿಗೆ ಬಂತೆಂದರೆ ನಮ್ಮ ನಗರದಲ್ಲಿ ದಿನ ಬಿಟ್ಟು ದಿನ ನೀರು. ನಲ್ಲಿ ಬಿಗಿಯಾಗಿ ಮುಚ್ಚಿ, ಬಕೆಟ್‌ನಲ್ಲಿ ಸ್ನಾನ ಮಾಡಿ ಅಂತ ಎಲ್ಲ ಕಡೆ ಬೋರ್ಡು ಹಾಕಿದ್ದಾರೆ. ನಾವು ಹಾಗೇ ಮಾಡುತ್ತಿದ್ದೇವೆ. ಆದರೂ ನೀರು ಸಾಲುತ್ತಿಲ್ಲ. ಈಗ ಕೊಳಚೆ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವ ಯೋಜನೆ ಬರುತ್ತದಂತೆ. ಮನೆಯಲ್ಲಿ ಎಲ್ಲರೂ ಮುಖ ಸಿಂಡರಿಸುತ್ತಿದ್ದಾರೆ. ಇದು ಸುರಕ್ಷಿತವೇ? ಒಂದು ನಗರ ನಿಜವಾಗಿ ನೀರು ಉಳಿಸಬೇಕೆಂದರೆ ಮೊದಲು ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ 'ಮೊದಲು' ಅನ್ನುವ ಪದವನ್ನೇ ಹಿಡಿದು ಶುರು ಮಾಡುತ್ತೇನೆ. ನೀರಿನ ವಿಷಯದಲ್ಲಿ ನಗರಗಳು ಎಡವುವುದು ಅಲ್ಲೇ. ಏನೇನು ಮಾಡಬೇಕು ಅನ್ನುವುದು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿದೆ. ಯಾವುದು ಮುಂಚೆ, ಯಾವುದು ಆಮೇಲೆ ಅನ್ನುವುದು ತಲೆಕೆಳಗಾಗುತ್ತದೆ. ದೊಡ್ಡ ಶುದ್ಧೀಕರಣ ಘಟಕಕ್ಕೆ ಕಲ್ಲು ಹಾಕಿ ಫೋಟೊ ತೆಗೆಸಿಕೊಳ್ಳುವುದು ಸುಲಭ. ನೆಲದಡಿ ಸೋರುವ ಪೈಪಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಯಾರು?

ನನ್ನನ್ನು ಕೇಳಿದರೆ ನಗರದ ನೀರಿನ ಕೆಲಸ ಶುರುವಾಗಬೇಕಾದದ್ದು ರಾತ್ರಿ ಎರಡು ಗಂಟೆಗೆ.

ಆ ಹೊತ್ತಿನಲ್ಲಿ ಊರು ಮಲಗಿರುತ್ತದೆ. ಯಾರೂ ಸ್ನಾನ ಮಾಡುವುದಿಲ್ಲ, ಬಟ್ಟೆ ಒಗೆಯುವುದಿಲ್ಲ. ಆಗ ಒಂದು ಬಡಾವಣೆಗೆ ಹೋಗುವ ಮುಖ್ಯ ಪೈಪಿನ ಮೀಟರು ನೋಡಿ. ಅದು ಸುಮ್ಮನೆ ನಿಂತಿರಬೇಕು, ಇಲ್ಲವೇ ತೆವಳಬೇಕು. ಗಿರಗಿರ ತಿರುಗುತ್ತಿದ್ದರೆ ಆ ನೀರು ಎಲ್ಲಿಗೆ ಹೋಗುತ್ತಿದೆ? ಸ್ವಲ್ಪ ಮನೆಗಳ ತೊಟ್ಟಿ ತುಂಬುತ್ತಿರಬಹುದು. ಉಳಿದದ್ದು ಮಣ್ಣಿಗೆ. ನಮ್ಮ ಕಸುಬಿನಲ್ಲಿ ಇದನ್ನು ರಾತ್ರಿಯ ಕನಿಷ್ಠ ಹರಿವು ಅನ್ನುತ್ತಾರೆ. ಒಂದು ಬಡಾವಣೆಯ ಪೈಪುಗಳ ಆರೋಗ್ಯ ತಿಳಿಯಲು ಇದಕ್ಕಿಂತ ನೇರವಾದ ಪರೀಕ್ಷೆ ಇನ್ನೊಂದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೈಗೆ ಒಂದು ಕಬ್ಬಿಣದ ಸರಳು ಕೊಟ್ಟಿದ್ದರು. ಒಂದೂವರೆ ಮೀಟರ್ ಉದ್ದ, ಒಂದು ತುದಿಯಲ್ಲಿ ಬಟ್ಟಲಿನಂಥ ತಟ್ಟೆ. ಚೂಪು ತುದಿಯನ್ನು ರಸ್ತೆಯ ವಾಲ್ವ್ ಮೇಲೆ ಊರಿ, ಬಟ್ಟಲಿಗೆ ಕಿವಿ ಹಚ್ಚಬೇಕು. ಪೈಪಿನಲ್ಲಿ ನೀರು ಸುಮ್ಮನೆ ಹರಿಯುವ ಸದ್ದು ಬೇರೆ. ಸಣ್ಣ ತೂತಿನಿಂದ ಒತ್ತಡದಲ್ಲಿ ಚಿಮ್ಮುವ ಸದ್ದು ಬೇರೆ. ಎರಡನೆಯದು 'ಸುಯ್ಯ್' ಅಂತ ಒಂದೇ ಸಮ ಇರುತ್ತದೆ, ಹಲ್ಲಿನ ಸಂದಿಯಲ್ಲಿ ಗಾಳಿ ಬಿಟ್ಟ ಹಾಗೆ. ಮೊದಲ ವಾರ ನನಗೆ ಎಲ್ಲ ಕಡೆ ಸುಯ್ಯ್ ಅಂತಲೇ ಕೇಳಿಸುತ್ತಿತ್ತು. ದೂರದಲ್ಲಿ ಓಡುವ ಲಾರಿ, ಯಾರದೋ ಮನೆಯ ಫ್ರಿಜ್ಜು, ಎಲ್ಲವೂ ಸೋರಿಕೆಯೇ! ನನ್ನ ಮಾತು ನಂಬಿ ಎರಡು ಕಡೆ ರಸ್ತೆ ಅಗೆದು, ಒಣಮಣ್ಣು ನೋಡಿ ವಾಪಸು ಮುಚ್ಚಿದ್ದೂ ಆಯಿತು. ಜೊತೆಗಿದ್ದ ಹಿರಿಯ ವಾಲ್ವ್‌ಮ್ಯಾನ್ ಬೈಯಲಿಲ್ಲ. 'ಕಿವಿ ಪಳಗಬೇಕು ಸಾರ್' ಅಂದರು ಅಷ್ಟೇ. ಈಗ ಸೆನ್ಸರುಗಳು ಬಂದಿವೆ, ಎರಡು ಕಡೆ ಮೈಕು ಇಟ್ಟು ಸದ್ದು ತಲುಪುವ ಸಮಯದ ವ್ಯತ್ಯಾಸದಿಂದ ತೂತಿನ ಜಾಗವನ್ನು ಲೆಕ್ಕ ಹಾಕುವ ಯಂತ್ರಗಳಿವೆ. ಆದರೂ ಆ ಸರಳಿಗೆ ಇನ್ನೂ ಕೆಲಸ ಇದೆ.

ಟೋಕಿಯೊ ನಗರವನ್ನೇ ನೋಡಿ. 1950ರ ದಶಕದಲ್ಲಿ ಅಲ್ಲಿ ಸುಮಾರು 20 ಶೇಕಡಾ ನೀರು ಸೋರಿ ಹೋಗುತ್ತಿತ್ತು. ಈಗ ಅದು 3 ಶೇಕಡಾ ಆಸುಪಾಸಿನಲ್ಲಿದೆ. ಮಂತ್ರ ಮಾಯ ಏನಿಲ್ಲ. ರಾತ್ರಿ ಹೊತ್ತು ಸದ್ದು ಕೇಳುತ್ತಾ ತಿರುಗಿದರು. ಸೋರಿಕೆ ಸಿಕ್ಕ ಕೂಡಲೇ ಸರಿಪಡಿಸಿದರು. ಹೆಚ್ಚಿನ ಸೋರಿಕೆ ಇದ್ದದ್ದು ರಸ್ತೆಯ ದೊಡ್ಡ ಕೊಳವೆಯಲ್ಲಲ್ಲ, ಅಲ್ಲಿಂದ ಮನೆಗೆ ಬರುವ ಸಣ್ಣ ಪೈಪಿನಲ್ಲಿ. ಅದನ್ನು ಗಮನಿಸಿ ಆ ಸಣ್ಣ ಪೈಪುಗಳನ್ನೆಲ್ಲ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸುತ್ತಾ ಹೋದರು. ಇದೆಲ್ಲ ದಶಕಗಳ ಕೆಲಸ.

ಅವರು ಶ್ರೀಮಂತರು, ಅವರ ಮಾತು ಬೇರೆ ಅನ್ನುತ್ತೀರಾ? ಹಾಗಾದರೆ ಕಾಂಬೋಡಿಯಾದ ಪ್ನೋಮ್ ಪೆನ್ ನಗರದ ಕಥೆ ಕೇಳಿ. ಯುದ್ಧದಿಂದ ಜರ್ಜರಿತವಾಗಿದ್ದ ಊರು. 1993ರಲ್ಲಿ ಅಲ್ಲಿ ಪಂಪು ಮಾಡಿದ ನೀರಿನಲ್ಲಿ ಸುಮಾರು 72 ಶೇಕಡಾ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಒಂದು ಕಡೆ ಸೋರಿಕೆ, ಇನ್ನೊಂದು ಕಡೆ ಕಳ್ಳ ಸಂಪರ್ಕ, ಬಿಲ್ಲು ಕಟ್ಟದವರು. ಎಕ್ ಸೊನ್ ಚಾನ್ ಅನ್ನುವವರು ಅಲ್ಲಿನ ನೀರು ಸರಬರಾಜಿನ ಹೊಣೆ ಹೊತ್ತರು. ಮನೆಮನೆಗೆ ಮೀಟರು ಹಾಕಿಸಿದರು. ದೊಡ್ಡವರು ಚಿಕ್ಕವರು ಅಂತ ನೋಡದೆ ಎಲ್ಲರಿಂದ ಹಣ ವಸೂಲು ಮಾಡಿದರು. ಹಳೆ ಪೈಪು ಬದಲಾಯಿಸಿದರು. ಮುಂದಿನ ಎರಡು ದಶಕದೊಳಗೆ ಆ 72 ಒಂದಂಕಿಗೆ ಇಳಿದಿತ್ತು, ಊರಿಗೆ ದಿನದ 24 ಗಂಟೆಯೂ ನೀರು ಬರುತ್ತಿತ್ತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನೀರಿನ ಎಂಜಿನಿಯರಿಗೆ ಅಂಥ ಪ್ರಶಸ್ತಿ ಬರುವುದು ಅಪರೂಪ. ಅದಕ್ಕೇ ನಮ್ಮವರೆಲ್ಲ ಈ ಕಥೆಯನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇವೆ, ಕ್ಷಮಿಸಿ.

ಸೋರಿಕೆಯ ಜೊತೆಗೇ ನೋಡಬೇಕಾದದ್ದು ಒತ್ತಡ. ತೂತು ಅಷ್ಟೇ ಇದ್ದರೂ ಒತ್ತಡ ಹೆಚ್ಚಾದರೆ ಸೋರುವ ನೀರು ಹೆಚ್ಚು, ಕಡಿಮೆಯಾದರೆ ಕಡಿಮೆ. ಪ್ಲಾಸ್ಟಿಕ್ ಪೈಪಿನಲ್ಲಿ ಬಿರುಕು ಬಿಟ್ಟಿದ್ದರೆ ಒತ್ತಡಕ್ಕೆ ಆ ಬಿರುಕೇ ಬಾಯಿ ತೆರೆಯುತ್ತದೆ. ರಾತ್ರಿ ಯಾರೂ ನೀರು ಬಳಸದಾಗ ಪೈಪಿನೊಳಗಿನ ಒತ್ತಡ ಏರುತ್ತದೆ, ಅಂದರೆ ಯಾರಿಗೂ ಬೇಡವಾದ ಹೊತ್ತಿನಲ್ಲೇ ಅತಿ ಹೆಚ್ಚು ಸೋರಿಕೆ. ಒತ್ತಡ ತಗ್ಗಿಸುವ ಒಂದು ವಾಲ್ವ್ ಕೂರಿಸಿದರೆ ಒಂದೇ ಒಂದು ರಸ್ತೆಯನ್ನೂ ಅಗೆಯದೆ ಸೋರಿಕೆ ಇಳಿಯುತ್ತದೆ. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರ 2018ರಲ್ಲಿ ನೀರೇ ಇಲ್ಲದ ದಿನವನ್ನು ಎಣಿಸುತ್ತಾ ಕುಳಿತಿತ್ತು. ಒಬ್ಬರಿಗೆ ದಿನಕ್ಕೆ 50 ಲೀಟರ್ ಮಾತ್ರ ಅಂತ ಕಟ್ಟು ಮಾಡಿದ್ದು ಸುದ್ದಿಯಾಯಿತು. ಅದರ ಜೊತೆಗೆ ಊರಿನುದ್ದಕ್ಕೂ ಒತ್ತಡ ತಗ್ಗಿಸಿದ್ದು ಅಷ್ಟು ಸುದ್ದಿಯಾಗಲಿಲ್ಲ. ಎರಡೂ ಸೇರಿ 2015ರಲ್ಲಿದ್ದ ಬಳಕೆ ಮೂರು ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬಂತು.

ನಿಮ್ಮ ದಿನ ಬಿಟ್ಟು ದಿನದ ನೀರಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹೀಗೆ ಬಿಟ್ಟು ಬಿಟ್ಟು ಕೊಟ್ಟರೆ ನೀರು ಉಳಿಯುತ್ತದೆ ಅನ್ನುವುದು ಭ್ರಮೆ. ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತದೆ. ಒಳಗೆ ಒತ್ತಡ ಇಲ್ಲದಾಗ ಹೊರಗಿನ ಕೊಳಕು ಅದೇ ತೂತಿನಿಂದ ಒಳಗೆ ಬರುತ್ತದೆ. ಮತ್ತೆ ನೀರು ಬಿಟ್ಟಾಗ ನುಗ್ಗುವ ಗಾಳಿ, ನೀರಿನ ಹೊಡೆತಕ್ಕೆ ಪೈಪಿನ ಕೀಲುಗಳು ಇನ್ನಷ್ಟು ಸಡಿಲವಾಗುತ್ತವೆ. ಮನೆಯವರೂ ನಾಳೆ ಬರುತ್ತೋ ಇಲ್ಲವೋ ಅಂತ ಇರುವ ಕೊಡಪಾನವೆಲ್ಲ ತುಂಬಿಸುತ್ತಾರೆ, ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲುತ್ತಾರೆ. ಇದರಲ್ಲಿ ಉಳಿತಾಯ ಎಲ್ಲಿ ಬಂತು?

ಈಗ ಮನೆಯೊಳಕ್ಕೆ ಬರೋಣ. ಬೋರ್ಡಿನಲ್ಲಿ ಬರೆದ ಉಪದೇಶಗಳು ತಪ್ಪಲ್ಲ, ಆದರೆ ಅವುಗಳ ಕೈ ಗಿಡ್ಡ. ಮನುಷ್ಯನ ಅಭ್ಯಾಸ ಒಂದು ತಿಂಗಳು ಬದಲಾಗುತ್ತದೆ, ಮಳೆ ಬಂದ ಕೂಡಲೇ ವಾಪಸು. ಸಾಮಾನು ಬದಲಾದರೆ ಹಾಗಲ್ಲ, ಅದು ದಿನಾ ಉಳಿಸುತ್ತದೆ. ಹಳೆಯ ಫ್ಲಶ್ ತೊಟ್ಟಿ ಒಂದು ಸಲಕ್ಕೆ 10 ಲೀಟರಿಗೂ ಜಾಸ್ತಿ ಸುರಿಯುತ್ತದೆ. ಎರಡು ಗುಂಡಿಯ ತೊಟ್ಟಿಗೆ 6 ಅಥವಾ 3 ಲೀಟರ್ ಸಾಕು. ನ್ಯೂಯಾರ್ಕ್ ನಗರ 1990ರ ದಶಕದಲ್ಲಿ ಇದನ್ನೇ ಮಾಡಿತು. ಹೊಸ ಜಲಾಶಯ, ಹೊಸ ಘಟಕ ಕಟ್ಟುವ ಬದಲು ಜನರಿಗೆ ಹಣ ಕೊಟ್ಟು ಹಳೆಯ ಕಮೋಡು ತೆಗೆಸಿತು. ಮೂರ್ನಾಲ್ಕು ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ಕಮೋಡುಗಳು ಬದಲಾದವು. ನಲ್ಲಿಯ ಬಾಯಿಗೆ ಹಾಕುವ ಸಣ್ಣ ಜಾಲರಿ, ಅದೇ ಏರೇಟರ್, ನೀರಿಗೆ ಗಾಳಿ ಬೆರೆಸಿ ಬಿಡುತ್ತದೆ. ಕೈಗೆ ನೀರು ಅಷ್ಟೇ ಬಂದ ಹಾಗೆ ಅನ್ನಿಸುತ್ತದೆ, ಮೀಟರಿಗೆ ಮಾತ್ರ ಗೊತ್ತು. ಇದರ ಬಗ್ಗೆ ಇಷ್ಟು ಸಾಕು.

ಆದರೆ ಇಲ್ಲೊಂದು ಗಂಟು ಇದೆ. ಎಂಜಿನಿಯರುಗಳೂ ಇಲ್ಲಿ ತಪ್ಪುತ್ತಾರೆ. ಎಲ್ಲ ಉಳಿತಾಯವೂ ಒಂದೇ ಅಲ್ಲ.

ನೀವು ಸ್ನಾನ ಮಾಡಿದ ನೀರು ಎಲ್ಲಿ ಹೋಯಿತು? ಖರ್ಚಾಗಲಿಲ್ಲ. ಕೊಳೆಯಾಗಿ ಮೋರಿಗೆ ಹೋಯಿತು. ತೋಟಕ್ಕೆ, ಹುಲ್ಲುಹಾಸಿಗೆ ಬಿಟ್ಟ ನೀರು ಎಲ್ಲಿ ಹೋಯಿತು? ಬಹುಪಾಲು ಆವಿಯಾಗಿ ಆಕಾಶಕ್ಕೆ. ಮೊದಲನೆಯದನ್ನು ಹಿಡಿದು ತರಬಹುದು. ಎರಡನೆಯದು ಕೈಬಿಟ್ಟು ಹೋಯಿತು. ಅಮೆರಿಕದ ಲಾಸ್ ವೇಗಸ್ ಮರುಭೂಮಿಯ ನಡುವಿನ ಊರು. ಅಲ್ಲಿ ಮನೆಯೊಳಗೆ, ಹೋಟೆಲಿನೊಳಗೆ ಬಳಸಿದ ಬಹುತೇಕ ನೀರನ್ನು ಶುದ್ಧ ಮಾಡಿ, ತಾವು ನೀರು ತೆಗೆಯುವ ಮೀಡ್ ಜಲಾಶಯಕ್ಕೇ ವಾಪಸು ಬಿಡುತ್ತಾರೆ. ಎಷ್ಟು ವಾಪಸು ಬಿಟ್ಟರೋ ಅಷ್ಟನ್ನು ಮತ್ತೆ ತೆಗೆಯಬಹುದು. ಹಾಗಾಗಿ ಅಲ್ಲಿ ಐದು ನಿಮಿಷ ಜಾಸ್ತಿ ಸ್ನಾನ ಮಾಡಿದರೆ ಜಲಾಶಯಕ್ಕೆ ಅಂಥ ನಷ್ಟ ಇಲ್ಲ. ನಷ್ಟ ಇರುವುದು ಹುಲ್ಲಿನಲ್ಲಿ. ಅದಕ್ಕೇ ಅಲ್ಲಿ ಹುಲ್ಲು ಕಿತ್ತು ಹಾಕಿದವರಿಗೆ ದುಡ್ಡು ಕೊಡುತ್ತಾರೆ. 2021ರಲ್ಲಿ ನೆವಾಡಾ ರಾಜ್ಯ ಕಾನೂನನ್ನೇ ತಂದಿತು. ರಸ್ತೆ ಮಧ್ಯದ, ಕಚೇರಿ ಮುಂದಿನ, ಯಾರೂ ಕಾಲಿಡದ ಚಂದಕ್ಕೆ ಬೆಳೆಸಿದ ಹುಲ್ಲಿಗೆ 2026ರ ಕೊನೆಯ ನಂತರ ಮೀಡ್ ಜಲಾಶಯ ತುಂಬಿಸುವ ಕೊಲೊರಾಡೊ ನದಿಯ ನೀರು ಹಾಕುವಂತಿಲ್ಲ.

ಅಂದರೆ ನಗರ ಕೇಳಿಕೊಳ್ಳಬೇಕಾದ ಪ್ರಶ್ನೆ 'ಎಷ್ಟು ನೀರು ಬಳಸಿದೆವು' ಅನ್ನುವುದಷ್ಟೇ ಅಲ್ಲ. ಬಳಸಿದ್ದರಲ್ಲಿ ಎಷ್ಟು ವಾಪಸು ಕೈಗೆ ಬಂತು? ಒಂದು ಲೀಟರ್ ನೀರು ಊರು ಬಿಡುವ ಮುಂಚೆ ಎಷ್ಟು ಸಲ ದುಡಿಯಿತು? ಹೆಚ್ಚಿನ ನಗರಗಳಲ್ಲಿ ಉತ್ತರ ಒಂದೇ ಒಂದು ಸಲ. ನೂರಾರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತರುತ್ತೇವೆ, ಒಂದು ಸಲ ಫ್ಲಶ್ ಮಾಡಿ ಕಳಿಸಿಬಿಡುತ್ತೇವೆ. ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡು ಊರೆಲ್ಲಾ ಹುಡುಕಿದರು ಅನ್ನುತ್ತಾರಲ್ಲ, ಹಾಗೆ.

ನಿಮ್ಮ ಮನೆಯವರು ಮುಖ ಸಿಂಡರಿಸುವ ಕೊಳಚೆ ನೀರಿನಲ್ಲಿ ಕೊಳಚೆ ಎಷ್ಟಿದೆ ಗೊತ್ತಾ? ಸಾವಿರ ಪಾಲಿನಲ್ಲಿ ಒಂದು ಪಾಲು, ಅಷ್ಟೇ. ಉಳಿದ 99.9 ಶೇಕಡಾ ನೀರೇ. ಸಮುದ್ರದ ನೀರಿನಲ್ಲಿ ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕೊಳಚೆ ನೀರಿನಲ್ಲಿ ಕರಗಿದ ಉಪ್ಪು ಸಾಮಾನ್ಯವಾಗಿ ಲೀಟರಿಗೆ ಒಂದು ಗ್ರಾಂ ಸುತ್ತಮುತ್ತ. ಆದ್ದರಿಂದಲೇ ಸಮುದ್ರದ ನೀರನ್ನು ಸಿಹಿ ಮಾಡಲು ಸಾವಿರ ಲೀಟರಿಗೆ ಮೂರು ನಾಲ್ಕು ಯೂನಿಟ್ ಕರೆಂಟು ಬೇಕು. ಶುದ್ಧಿಯಾದ ಕೊಳಚೆ ನೀರನ್ನು ಅದೇ ರೀತಿಯ, ಉಪ್ಪು ತಡೆದು ನೀರನ್ನಷ್ಟೇ ಬಿಡುವ ಆರ್‌ಒ ಪೊರೆಯಲ್ಲಿ ಹಾಯಿಸಲು ಅದರ ಮೂರನೇ ಒಂದು ಪಾಲು ಸಾಕಾಗುತ್ತದೆ. ಅಸಹ್ಯ ಇರುವುದು ಮನಸ್ಸಿನಲ್ಲಿ. ರಸಾಯನಶಾಸ್ತ್ರಕ್ಕೆ ಅಸಹ್ಯ ಗೊತ್ತಿಲ್ಲ.

ಹಾಗಂತ ಎಲ್ಲವನ್ನೂ ಕುಡಿಯುವ ಮಟ್ಟಕ್ಕೆ ತರಬೇಕಾಗಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಕಾರು ತೊಳೆಯಲು, ಫ್ಲಶ್ ಮಾಡಲು, ರಸ್ತೆ ಬದಿ ಮರಗಳಿಗೆ, ದೊಡ್ಡ ಕಟ್ಟಡಗಳ ಏಸಿಯ ಕೂಲಿಂಗ್ ಟವರಿಗೆ ಕುಡಿಯುವ ನೀರು ಯಾಕೆ? ಹಾಂಗ್‌ಕಾಂಗ್‌ನಲ್ಲಿ 1950ರ ದಶಕದಿಂದ ಫ್ಲಶ್ಶಿಗೆ ಸಮುದ್ರದ ನೀರನ್ನೇ ಬೇರೆ ಪೈಪಿನಲ್ಲಿ ಕೊಡುತ್ತಾರೆ, ಈಗ ಅಲ್ಲಿನ ಐದರಲ್ಲಿ ನಾಲ್ಕು ಜನರಿಗೆ ಈ ವ್ಯವಸ್ಥೆ ಇದೆ. ಅಮೆರಿಕ, ಆಸ್ಟ್ರೇಲಿಯಾದ ಊರುಗಳಲ್ಲಿ ಮರುಬಳಕೆ ನೀರಿಗೆ ನೇರಳೆ ಬಣ್ಣದ ಪೈಪು. ಬಣ್ಣ ಯಾಕೆ ಅಂದರೆ, ಎರಡು ಪೈಪಿನ ವ್ಯವಸ್ಥೆಯಲ್ಲಿ ಇರುವ ಅತಿ ದೊಡ್ಡ ಅಪಾಯ ಯಂತ್ರದ್ದಲ್ಲ, ಪ್ಲಂಬರಿನದು. ಹತ್ತು ವರ್ಷದ ಮೇಲೆ ಯಾರೋ ಬಂದು ಅಡುಗೆಮನೆ ನಲ್ಲಿಗೆ ತಪ್ಪು ಪೈಪು ಜೋಡಿಸಿದರೆ ಮುಗಿಯಿತು. ಆದ್ದರಿಂದ ಹೊಸ ಕಟ್ಟಡಕ್ಕೆ ಎರಡು ಪೈಪು ಹಾಕಿಸಿ ಅನ್ನುತ್ತೇನೆ. ಹಳೆ ಕಟ್ಟಡದ ಗೋಡೆ ಒಡೆದು ಹಾಕಿಸಿ ಅನ್ನುವುದಿಲ್ಲ.

ಶುದ್ಧಿ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲು ಜಾಲರಿ, ಬಟ್ಟೆಚೂರು ಪ್ಲಾಸ್ಟಿಕ್ಕು ಅಲ್ಲಿ ನಿಲ್ಲುತ್ತವೆ. ಮರಳು ಕೆಳಗೆ ಕೂರುತ್ತದೆ. ಆಮೇಲೆ ಗಾಳಿ ಊದುವ ತೊಟ್ಟಿ. ಇದೇ ಹೃದಯ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್, ಲಾಕೆಟ್ ಅನ್ನುವ ಇಬ್ಬರು ಒಂದು ವಿಷಯ ತೋರಿಸಿದರು. ಕೊಳಚೆಗೆ ಗಾಳಿ ಊದಿ, ತಳದಲ್ಲಿ ಕೂತ ಕೆಸರನ್ನು ಚೆಲ್ಲದೆ ಮುಂದಿನ ಸಲಕ್ಕೂ ಇಟ್ಟುಕೊಂಡರೆ ಶುದ್ಧಿ ಬೇಗ ಆಗುತ್ತದೆ. ಮಜ್ಜಿಗೆಯ ಹೆಪ್ಪಿನ ಹಾಗೆ ಅಂದುಕೊಳ್ಳಿ. ಆ ಕೆಸರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ, ಕೊಳೆಯೇ ಅವುಗಳ ಊಟ. ಚೆನ್ನಾಗಿ ನಡೆಯುವ ತೊಟ್ಟಿಯ ನೀರು ಕಂದು ಬಣ್ಣದ್ದು, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂತೆಂದರೆ ಗಾಳಿ ಸಾಲುತ್ತಿಲ್ಲ.

ಕೊಳಚೆ ನೀರನ್ನು ತಾನೇ ಶುದ್ಧ ಮಾಡಿ ಫ್ಲಶ್ಶಿಗೆ ಬಳಸುವ ಒಂದು ಅಪಾರ್ಟ್‌ಮೆಂಟಿನಲ್ಲಿ ಇದೇ ಗೋಳು. ಬೆಳಗ್ಗೆ ಫ್ಲಶ್ಶಿನ ನೀರು ಗಬ್ಬು, ಸಂಜೆಗೆ ಪರವಾಗಿಲ್ಲ. ಯಂತ್ರ ಸರಿ ಇದೆ, ಲೆಕ್ಕ ಸರಿ ಇದೆ. ನಾನೂ ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಕರೆಂಟ್ ಮೀಟರಿನ ಗಂಟೆವಾರು ಲೆಕ್ಕ ನೋಡಿದರೆ ಉತ್ತರ ಅಲ್ಲಿತ್ತು. ಕರೆಂಟ್ ಬಿಲ್ಲು ಉಳಿಸಲು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಗಾಳಿ ಊದುವ ಬ್ಲೋವರ್ ಆಫ್! ಎಂಟು ಗಂಟೆ ಉಸಿರಿಲ್ಲದೆ ಬಿದ್ದಿದ್ದ ಬ್ಯಾಕ್ಟೀರಿಯಾ ಬೆಳಗ್ಗೆ ಎದ್ದು ಕೆಲಸ ಮಾಡಬೇಕು ಅಂದರೆ ಹೇಗೆ? ಅಲ್ಲಿನ ಆಪರೇಟರ್ ತಪ್ಪು ಅಂತ ಎಲ್ಲರೂ ಬೈದರು. ಅವನಿಗೆ ಆ ತೊಟ್ಟಿಯಲ್ಲಿ ಜೀವ ಇದೆ ಅಂತ ಯಾರೂ ಹೇಳಿರಲಿಲ್ಲ, ಅಷ್ಟೇ.

ಗಾಳಿ ತೊಟ್ಟಿಯಿಂದ ಬಂದ ನೀರನ್ನು ಮರಳಿನಲ್ಲಿ ಸೋಸಿ ಕ್ಲೋರಿನ್ ಹಾಕಿದರೆ ಗಿಡಕ್ಕೆ, ಫ್ಲಶ್ಶಿಗೆ ಆಯಿತು. ಕುಡಿಯುವ ಮಟ್ಟಕ್ಕೆ ಬರಬೇಕಾದರೆ ಇನ್ನೂ ಮೂರು ಮೆಟ್ಟಿಲು. ಬ್ಯಾಕ್ಟೀರಿಯಾ ನುಸುಳಲಾರದಷ್ಟು ಸಣ್ಣ ರಂಧ್ರದ ಪೊರೆ, ಆಮೇಲೆ ಉಪ್ಪು, ವೈರಸ್, ಔಷಧಿಯ ಅಂಶಗಳನ್ನೂ ಬಹುಪಾಲು ತಡೆಯುವ ಆರ್‌ಒ ಪೊರೆ, ಕೊನೆಗೆ ಅತಿನೇರಳೆ ಬೆಳಕು. ಸಿಂಗಪುರದಲ್ಲಿ ನ್ಯೂವಾಟರ್ ಅನ್ನುವ ಮರುಬಳಕೆ ನೀರು ತಯಾರಾಗುವುದು ಹೀಗೆ, 2003ರಿಂದ. ಒಂದು ಮೆಟ್ಟಿಲು ಕೈಕೊಟ್ಟರೂ ಮುಂದಿನದು ಹಿಡಿಯಬೇಕು ಅನ್ನುವುದು ಇದರ ತತ್ವ. ಇಷ್ಟು ಶುದ್ಧವಾದ ನೀರನ್ನು ಸಿಂಗಪುರದವರು ಏನು ಮಾಡುತ್ತಾರೆ? ಹೆಚ್ಚಿನದು ಚಿಪ್ ತಯಾರಿಸುವ ಕಾರ್ಖಾನೆಗಳಿಗೆ, ಕೂಲಿಂಗಿಗೆ ಹೋಗುತ್ತದೆ. ಚಿಪ್ ಕಾರ್ಖಾನೆಗೆ ಬೇಕಾದ ಶುದ್ಧತೆ ನಮ್ಮ ಹೊಟ್ಟೆಗೆ ಬೇಕಾದದ್ದಕ್ಕಿಂತ ಜಾಸ್ತಿ! ಸ್ವಲ್ಪವನ್ನು ಮಾತ್ರ ಜಲಾಶಯಕ್ಕೆ ಬೆರೆಸುತ್ತಾರೆ, ಅಲ್ಲಿಂದ ಅದು ಮಾಮೂಲಿ ಶುದ್ಧೀಕರಣ ಮುಗಿಸಿ ನಲ್ಲಿಗೆ ಬರುತ್ತದೆ.

ಜಲಾಶಯವೇ ಆಗಬೇಕೆಂದಿಲ್ಲ. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ ಶುದ್ಧಿಯಾದ ನೀರನ್ನು ನೆಲಕ್ಕೆ ಇಂಗಿಸುತ್ತಾರೆ. 2008ರಲ್ಲಿ ಶುರುವಾದ ಈ ಘಟಕ 2023ರಲ್ಲಿ ದಿನಕ್ಕೆ ಸುಮಾರು 49 ಕೋಟಿ ಲೀಟರ್ ಸಾಮರ್ಥ್ಯಕ್ಕೆ ಬೆಳೆಯಿತು. ಅದರಲ್ಲಿ ಒಂದು ಪಾಲನ್ನು ಕರಾವಳಿ ಉದ್ದಕ್ಕೂ ಬಾವಿಗಳಲ್ಲಿ ತುಂಬಿ, ಒಳನುಗ್ಗುವ ಸಮುದ್ರದ ಉಪ್ಪುನೀರಿಗೆ ತಡೆಗೋಡೆ ಮಾಡಿದ್ದಾರೆ. ನೀರಿಗೆ ನೀರಿನದೇ ಗೋಡೆ. ಇಸ್ರೇಲ್‌ನಲ್ಲಿ ಟೆಲ್ ಅವಿವ್ ಸುತ್ತಲಿನ ಕೊಳಚೆ ನೀರು ಶುದ್ಧಿಯಾಗಿ ಮರಳಿನಲ್ಲಿ ಇಂಗಿ, ತಿಂಗಳುಗಟ್ಟಲೆ ಒಳಗೇ ಇದ್ದು, ಮೇಲೆ ಬಂದು ದಕ್ಷಿಣದ ಹೊಲಗಳಿಗೆ ಹೋಗುತ್ತದೆ. ಆ ದೇಶದ ಕೊಳಚೆ ನೀರಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಹೀಗೆ ಬೇಸಾಯಕ್ಕೆ ಸಿಗುತ್ತದೆ.

ನೇರವಾಗಿ ನಲ್ಲಿಗೇ ಕೊಡುವವರೂ ಇದ್ದಾರೆ, ಅದೂ ಇವತ್ತು ನೆನ್ನೆಯಿಂದಲ್ಲ. ನಮೀಬಿಯಾದ ವಿಂಡ್‌ಹುಕ್ ನಗರ 1968ರಿಂದ ಕೊಳಚೆ ನೀರನ್ನು ಶುದ್ಧ ಮಾಡಿ ಕುಡಿಯುವ ನೀರಿನ ಪೈಪಿಗೇ ಬೆರೆಸುತ್ತಿದೆ. ಅಲ್ಲಿ ಆರ್‌ಒ ಕೂಡ ಇಲ್ಲ. ಓಜೋನ್, ಇದ್ದಿಲು, ಸೂಕ್ಷ್ಮ ಪೊರೆ, ಕ್ಲೋರಿನ್. ಅವರ ಗುಟ್ಟು ಘಟಕದಲ್ಲಿ ಇಲ್ಲ, ಅದಕ್ಕೂ ಮುಂಚೆ ಇದೆ. ಕಾರ್ಖಾನೆಗಳ ಹೊಲಸನ್ನು ಮನೆಗಳ ಕೊಳಚೆಗೆ ಸೇರಲು ಬಿಡುವುದಿಲ್ಲ. ಅದಕ್ಕೆ ಬೇರೆ ದಾರಿ, ಬೇರೆ ಘಟಕ. ಬ್ಯಾಕ್ಟೀರಿಯಾ ಮನುಷ್ಯನ ಹೊಲಸನ್ನು ತಿನ್ನುತ್ತವೆ. ಕ್ರೋಮಿಯಂ, ಬಣ್ಣದ ರಸಾಯನ ತಿನ್ನಲಾರವು, ತಿಂದರೆ ಸಾಯುತ್ತವೆ. ನಿಮ್ಮ ಊರಿನ ಯೋಜನೆಯಲ್ಲಿ ನಾನು ಮೊಟ್ಟಮೊದಲು ಕೇಳುವ ಪ್ರಶ್ನೆ ಇದೇ: ಮೋರಿಗೆ ಯಾರ್ಯಾರು ಏನೇನು ಬಿಡುತ್ತಿದ್ದಾರೆ? ಇದಕ್ಕೆ ಉತ್ತರ ಇಲ್ಲದೆ ಎಷ್ಟು ದೊಡ್ಡ ಘಟಕ ಕಟ್ಟಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಸುರಕ್ಷಿತವೇ ಅಂತ ಕೇಳಿದಿರಿ. ಸರಿಯಾಗಿ ನಡೆಸಿದರೆ ಹೌದು. ಆದರೆ ಆ 'ಸರಿಯಾಗಿ'ಯನ್ನು ಜನ ತಮ್ಮ ಕಣ್ಣಲ್ಲಿ ನೋಡುವಂತಿರಬೇಕು. ಆಸ್ಟ್ರೇಲಿಯಾದ ಟುವೂಂಬಾದಲ್ಲಿ 2006ರಲ್ಲಿ ಇದರ ಮೇಲೆ ಮತದಾನ ನಡೆಯಿತು, ಸುಮಾರು 62 ಶೇಕಡಾ ಜನ ಬೇಡ ಅಂದರು. ಊರು ಭೀಕರ ಬರದಲ್ಲಿತ್ತು, ಆದರೂ ಬೇಡ ಅಂದರು. ಸಿಂಗಪುರ ಬೇರೆ ದಾರಿ ಹಿಡಿಯಿತು. ಕೊಳಚೆ ಅನ್ನುವ ಪದವನ್ನೇ ಬಿಟ್ಟು 'ಬಳಸಿದ ನೀರು' ಅಂತ ಕರೆಯಿತು. ಬಾಟಲಿಯಲ್ಲಿ ತುಂಬಿ ಹಂಚಿತು. ಘಟಕ ನೋಡಲು ಶಾಲೆ ಮಕ್ಕಳನ್ನು ಕರೆಯಿತು. ಪದ ಬದಲಾಯಿಸಿದರೆ ಸಾಕು ಅಂತ ನಾನು ಹೇಳುತ್ತಿಲ್ಲ, ಅದರಲ್ಲಿ ಸ್ವಲ್ಪ ಜಾಣತನವೂ ಇದೆ. ಆದರೆ ಪ್ರತಿದಿನದ ಪರೀಕ್ಷೆಯ ಫಲಿತಾಂಶ ಎಲ್ಲರಿಗೂ ಕಾಣುವ ಹಾಗೆ ಹಾಕದ ನಗರಕ್ಕೆ 'ನಮ್ಮನ್ನು ನಂಬಿ' ಅಂತ ಜನರಿಗೆ ಹೇಳುವ ಹಕ್ಕಿಲ್ಲ.

ಇನ್ನು ಮಳೆ. ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ತಾರಸಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ ಅಂದರೆ 80,000 ಲೀಟರ್. ಆವಿ, ಮೊದಲ ಮಳೆಯ ಕೊಳೆ ಎಲ್ಲ ಕಳೆದರೂ 60,000ಕ್ಕೆ ಮೋಸವಿಲ್ಲ. ಟೋಕಿಯೊದ ರ್‍ಯೋಗೊಕು ಸುಮೋ ಕ್ರೀಡಾಂಗಣ 1985ರಲ್ಲಿ ತೆರೆದದ್ದು, ಅದರ ದೊಡ್ಡ ಮಾಡಿನ ಮಳೆನೀರು ಕೆಳಗಿನ ತೊಟ್ಟಿ ಸೇರಿ ಅಲ್ಲಿನ ಶೌಚಾಲಯಗಳಿಗೆ ಬಳಕೆಯಾಗುತ್ತದೆ. ಆದರೆ ಮಳೆಯ ವಿಷಯದಲ್ಲಿ ಒಂದು ಎಚ್ಚರಿಕೆ. ತಾರಸಿಯ ನೀರು ಬೇರೆ, ರಸ್ತೆಯ ನೀರು ಬೇರೆ. ರಸ್ತೆಯ ನೀರಿನಲ್ಲಿ ಎಣ್ಣೆ, ಟೈರಿನ ಪುಡಿ, ಮೋರಿಯ ಗಲೀಜು ಎಲ್ಲ ಇರುತ್ತದೆ. ಅದನ್ನು ಸೋಸದೆ ನೇರವಾಗಿ ಬೋರ್‌ವೆಲ್‌ಗೆ ಬಿಡುವವರನ್ನು ನೋಡಿದ್ದೇನೆ. ಅದು ಭೂಮಿಯ ನರಕ್ಕೆ ನೇರ ಇಂಜೆಕ್ಷನ್ ಕೊಟ್ಟ ಹಾಗೆ. ಮೇಲ್ಮಣ್ಣು, ಮರಳು ದಾಟಿ ಇಂಗಲು ಬಿಡಿ. ಮಣ್ಣು ಸೋಸುವಷ್ಟು ಚೆನ್ನಾಗಿ ನಮ್ಮ ಜಲ್ಲಿ ತುಂಬಿದ ಡ್ರಮ್ಮು ಸೋಸುವುದಿಲ್ಲ.

ಮರುಬಳಕೆ ಬಗ್ಗೆ ಉತ್ಸಾಹದಲ್ಲಿ ಮಾತಾಡುವವರು ಮರೆಯುವ ಸಂಗತಿ ಇನ್ನೊಂದಿದೆ. ನಗರ ಬಿಟ್ಟ ನೀರು ವ್ಯರ್ಥವಾಗಿ ಹೋಗುತ್ತಿದೆ ಅಂತ ಮೇಲೆ ನಿಂತು ನೋಡಿದಾಗ ಅನ್ನಿಸುತ್ತದೆ. ಕೆಳಗಿನ ಊರಿನ ರೈತ ಅದೇ ನೀರಲ್ಲಿ ಬೆಳೆ ತೆಗೆಯುತ್ತಿರಬಹುದು. ಬೇಸಿಗೆಯಲ್ಲಿ ಆ ನದಿಯಲ್ಲಿ ಹರಿಯುವುದೇ ನಗರದ ನೀರಾಗಿರಬಹುದು. ಪೂರ್ತಿ ತಿರುಗಿಸಿಕೊಂಡರೆ ಅವನ ಬಾವಿ ಒಣಗುತ್ತದೆ. ಆದ್ದರಿಂದ ಯೋಜನೆಯ ಲೆಕ್ಕಪತ್ರದಲ್ಲಿ ಕೆಳಗಿನ ಊರುಗಳ ಸಾಲು ಒಂದು ಇರಲೇಬೇಕು. ಆರ್‌ಒ ಘಟಕದಲ್ಲಿ ಉಳಿಯುವ ಗಟ್ಟಿ ಉಪ್ಪುನೀರಿಗೂ ಒಂದು ಸಾಲು ಬೇಕು. ಒಳಗೆ ಹೋದದ್ದರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಹಾಗೆ ಹೊರಬರುತ್ತದೆ. ಸಮುದ್ರ ಹತ್ತಿರ ಇರುವ ಊರಿಗೆ ಅದರ ಚಿಂತೆ ಕಡಿಮೆ, ಒಳನಾಡಿನ ಊರಿಗೆ ಅದೇ ದೊಡ್ಡ ತಲೆನೋವು.

ಹಾಗಾಗಿ ನನ್ನ ಕ್ರಮ ಹೀಗೆ: ಬಡಾವಣೆಗೊಂದು ಮೀಟರು ಹಾಕಿ ಸೋರಿಕೆ ಹಿಡಿಯುವುದು ಮತ್ತು ಒತ್ತಡ ಸರಿ ಮಾಡುವುದು. ಅದು ನಡೆಯುತ್ತಿರುವಾಗಲೇ ಕಾರ್ಖಾನೆಗಳ ಹೊಲಸನ್ನು ಮೋರಿಯಿಂದ ಬೇರ್ಪಡಿಸುವುದು. ಇರುವ ಕೊಳಚೆ ಘಟಕಗಳನ್ನು ದಿನದ 24 ಗಂಟೆ ನಡೆಸುವುದು, ಅದರ ನೀರನ್ನು ಮೊದಲು ಕೂಲಿಂಗ್ ಟವರು, ಕಟ್ಟಡ ಕೆಲಸ, ಪಾರ್ಕುಗಳಿಗೆ ಕಡ್ಡಾಯ ಮಾಡುವುದು. ಕುಡಿಯುವ ಮಾತು ಅದಾದ ಮೇಲೆ. ನಾಲ್ಕೈದು ವರ್ಷ ಘಟಕವನ್ನು ಚೊಕ್ಕವಾಗಿ ನಡೆಸಿ ತೋರಿಸಿದ ನಗರದ ಮಾತನ್ನು ನಿಮ್ಮ ಮನೆಯವರೂ ನಂಬುತ್ತಾರೆ ಅನ್ನುವುದು ನನ್ನ ಅನುಭವ.

ಅಷ್ಟರವರೆಗೆ ನೀವು ಏನು ಮಾಡಬಹುದು? ರಾತ್ರಿ ಎರಡು ಗಂಟೆಯ ಪರೀಕ್ಷೆಯನ್ನು ನಿಮ್ಮ ಮನೆಯಲ್ಲೇ ಮಾಡಿ, ಏಳುವ ಅಗತ್ಯವಿಲ್ಲ. ತೊಟ್ಟಿ, ಟ್ಯಾಂಕು ಇಲ್ಲದೆ ನೇರ ಸಂಪರ್ಕ ಇದ್ದರೆ ಮಲಗುವ ಮುಂಚೆ ಮೀಟರ್ ರೀಡಿಂಗ್ ಬರೆದಿಡಿ. ಟ್ಯಾಂಕ್ ಇದ್ದರೆ ಒಳಗೆ ಬರುವ ನೀರು ನಿಲ್ಲಿಸಿ, ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬೆಳಗ್ಗೆ ಯಾರೂ ನಲ್ಲಿ ಮುಟ್ಟುವ ಮುಂಚೆ ನೋಡಿ. ರಾತ್ರಿ ಯಾರೂ ಬಳಸದೆ ಅಂಕಿ ಮುಂದೆ ಹೋಗಿದ್ದರೆ, ಮಟ್ಟ ಗೆರೆಯಿಂದ ಇಳಿದಿದ್ದರೆ, ಮೊದಲ ಅನುಮಾನ ಫ್ಲಶ್ ತೊಟ್ಟಿಯ ಮೇಲೆ. ಅದರೊಳಗೆ ನಾಲ್ಕು ಹನಿ ಶಾಯಿ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದಿದ್ದರೆ ಒಳಗಿನ ರಬ್ಬರ್ ಸವೆದಿದೆ. ಸದ್ದೇ ಇಲ್ಲದೆ ದಿನಕ್ಕೆ ನೂರಾರು ಲೀಟರ್ ಹೋಗುವುದು ಅಲ್ಲೇ. ಸ್ಕ್ರೂಡ್ರೈವರ್ ಇದ್ದರೆ ಬದಲಾಯಿಸಲು ಹತ್ತು ನಿಮಿಷ ಸಾಕು.